ಕಿಟಕಿಯ ಸರದಿ

ಹೊರಡುವ ಮುಂಚೆ ನಮ್ಮಲ್ಲಿ ಪ್ರತಿಯೊಬ್ಬರನ್ನೂ ಕೇಳುತ್ತಾರೆ: ನೀವು ಮೇಲೆ ಬಾಹ್ಯಾಕಾಶದಲ್ಲಿರುವಾಗ ಮನೆಯಲ್ಲಿ ಸಾವಾದರೆ ತಿಳಿಸಬೇಕೋ, ಬೇಡವೋ? ನಮ್ಮ ತಂಡದ ಅಲ್ಸೀಡ್ ಬೇಡ ಎಂದಿದ್ದ.

"ಇಳಿದ್ಮೇಲೆ ಹೇಳಿ ಸಾಕು. ಅಲ್ಲಿ ಅತ್ರೆ ಕಣ್ಣೀರೂ ಕೆಳಕ್ಕೆ ಬೀಳಲ್ಲ" ಎಂದು ನಕ್ಕಿದ್ದ.

ಅವನಪ್ಪ ಲೂಸಿಯಾನಾದಲ್ಲಿ ಸಿಗಡಿ ಹಿಡಿಯುವವರು. ನೌಕೆ ಚಂದ್ರನನ್ನು ಸಮೀಪಿಸುತ್ತಿದ್ದಾಗ ಹ್ಯೂಸ್ಟನ್ನಿನ ನಿಯಂತ್ರಣ ಕೇಂದ್ರದ ವೈದ್ಯೆ ರೇಡಿಯೊದಲ್ಲಿ ನನ್ನೊಬ್ಬಳನ್ನೇ ಖಾಸಗಿ ಮಾತಿಗೆ ಕರೆದಳು. ಅವನಪ್ಪ ತೀರಿಹೋಗಿದ್ದರು. ತಂಡದ ನಾಯಕಿಗೆ ಗೊತ್ತಿರಬೇಕಂತೆ. ಈ ನಾಯಕಿ ಪಟ್ಟಕ್ಕಿಷ್ಟು ಬೆಂಕಿ ಹಾಕ ಎಂದು ಬೈದುಕೊಂಡೆ. ಸೆರಗಿನಲ್ಲಿ ಕೆಂಡ ಕಟ್ಟಿಕೊಂಡು ಅವನೆದುರು ಊಟ ಮಾಡಿದೆ. ಬಾಯಿ ತಪ್ಪಿಯೂ ಅವನಪ್ಪನ ಮಾತೆತ್ತಬಾರದೆಂದು ಉಳಿದಿಬ್ಬರಿಗೆ, ಕೋರಾ ಮತ್ತು ಹ್ಯೂಗೊಗೆ, ಗುಟ್ಟಾಗಿ ತಿಳಿಸಿದೆ.

ಚಂದ್ರನ ಹಿಂದೆ ಸರಿದಾಗ ಭೂಮಿಯ ಜೊತೆ ಮಾತು ನಿಂತಿತು. ಇನ್ನು ಆಚೆ ಅಂಚಿನಿಂದ ಭೂಮಿ ಮೂಡಬೇಕು. ಅದು ಚೆನ್ನಾಗಿ ಕಾಣುವುದು ಒಂದೇ ಕಿಟಕಿಯಿಂದ. ಹೊರಟಾಗಿನಿಂದ ಆ ಸರದಿಗೆ ನಾವು ಕಿತ್ತಾಡಿದ್ದೆವು.

"ನನ್ ಸರದೀನೂ ನೀನೇ ತಗೊಳೋ" ಎಂದು ಕೋರಾ ಅಲ್ಸೀಡ್‌ಗೆ ಹೇಳಿದಳು. ಹ್ಯೂಗೊ ತನ್ನ ಕ್ಯಾಮೆರಾವನ್ನೇ ಅವನ ಕೈಗಿಟ್ಟ. ನಾನೂ ಪಕ್ಕಕ್ಕೆ ಸರಿದೆ.

ಚಂದ್ರನ ಬೂದು ಅಂಚಿನಾಚೆ ಭೂಮಿ ಮೂಡಿತು. ನೀಲಿ ಗೋಲಿಯಷ್ಟೇ. ಸುತ್ತ ಕಪ್ಪು ಬಿಟ್ಟರೆ ಏನೂ ಇರಲಿಲ್ಲ. ನನಗೆ ಭಯವಾಯಿತು, ಅದರ ಮೇಲೆ ಹೇಳಲಾರದಷ್ಟು ಪ್ರೀತಿಯೂ ಬಂತು.

ಅಲ್ಸೀಡ್ ಕ್ಯಾಮೆರಾ ಎತ್ತಲೇ ಇಲ್ಲ, ನನ್ನತ್ತ ತಿರುಗಿದ.

"ನಿನ್ನೆ ತನಕ ಇದೇ ಕಿಟಕೀಗೆ ಮೊಣಕೈಲಿ ತಿವೀತಿದ್ರಿ. ಇವತ್ತೇನೇ ಮಾರ್ಟಾ, ಮದುವೆ ಗಂಡಿಗೆ ಮಾಡ್ದಂಗೆ ಉಪಚಾರ?"

"ಸುಮ್ನೆ ನೋಡೋ."

"ಅಪ್ಪ ತಾನೆ?"

ನಾನು ಬಾಯಿ ತೆರೆದೆ. ಅವನು ಕೈ ಅಡ್ಡ ಹಿಡಿದ.

"ಹೇಳ್ಬೇಡ. ನೀನು ಹೇಳೋ ತನಕ ಅಲ್ಲೆಲ್ಲೋ ದೋಣಿ ತೊಳೀತಾ ಇರ್ತಾನೆ. ಇಳಿಯೋವರೆಗೂ ಇರ್ಲಿ ಬಿಡು."

ಹಾಳಾದ ನಮ್ಮ ಒಳ್ಳೆಯತನವೇ ನಮ್ಮನ್ನು ಹಿಡಿದುಕೊಟ್ಟಿತ್ತು. ಒಂದು ಸಲ ಅವನ ಜೊತೆ ಜಗಳವಾಡಿದ್ದರೆ ಸಾಕಿತ್ತು.

ಅಷ್ಟರಲ್ಲಿ ಹ್ಯೂಸ್ಟನ್ನಿನ ದನಿ ಮತ್ತೆ ಕೇಳಿಸಿತು. "ನಾವು ಕಾಣ್ತಿದೀವಾ? ಹೆಂಗಿದೀವಿ?"

ಉತ್ತರಿಸಬೇಕಾದವಳು ನಾನು. ಅಲ್ಸೀಡ್ ನನ್ನ ಕೈಯಿಂದ ಮೈಕ್ ತೆಗೆದುಕೊಂಡ. ಅವನ ಕಣ್ಣಲ್ಲಿ ನೀರು ಗುಳ್ಳೆಯಾಗಿ ನಿಂತಿತ್ತು.

"ಕಾಣ್ತಿದೀರಪ್ಪಾ," ಎಂದ. "ಎಲ್ಲಾರೂ ಅಲ್ಲೇ ಇದೀರಿ. ಒಬ್ರೂ ಕಮ್ಮಿ ಇಲ್ಲ."