ಒಳಗೆ ಬಿಟ್ಟ ಬಟ್ಟೆ

ಕೊರಳಲ್ಲಿ ಅಳತೆ ಟೇಪು ಇಲ್ಲದೆ ಟೇಪಕ್ಕನನ್ನು ನೋಡಿದವರಿಲ್ಲ. ಹಾಲು ತರೋಕೆ ಹೋದರೂ ಅದು ಹೆಗಲ ಮೇಲೆ ನೇತಾಡುತ್ತಿರುತ್ತಿತ್ತು. ಮೂವತ್ತೆರಡು ವರ್ಷದಿಂದ ಅವಳು ಹೊಲಿದದ್ದು ಒಂದೇ ಬಗೆಯ ಬಟ್ಟೆ, ಭರತನಾಟ್ಯದ ಉಡುಪು. ಅದರಲ್ಲೂ ಅವಳ ಜೀವವೆಲ್ಲ ಇದ್ದದ್ದು ಎರಡು ಮಂಡಿಗಳ ನಡುವೆ ನಿಲ್ಲುವ ನೆರಿಗೆಯ ಬೀಸಣಿಗೆಯಲ್ಲಿ. ಮಂಡಿ ಬಗ್ಗಿಸಿದರೆ ಅದು ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳಬೇಕು, ಎದ್ದು ನಿಂತರೆ ಏನೂ ಗೊತ್ತಿಲ್ಲದವರ ಹಾಗೆ ಮುಚ್ಚಿಕೊಳ್ಳಬೇಕು. ಲಂಗ ಯಾರು ಬೇಕಾದರೂ ಹೊಲಿಯಬಹುದು, ಬೀಸಣಿಗೆ ಮಡಿಸೋಕೆ ಬೆರಳಲ್ಲಿ ಬುದ್ಧಿ ಇರಬೇಕು ಅನ್ನೋದು ಅವಳ ಜಂಬ. ಜಂಬ ಪಡೋ ಹಕ್ಕೂ ಅವಳಿಗಿತ್ತು ಅನ್ನಿ.

ಅವಳಿಗೆ ಇನ್ನೊಂದು ಅಭ್ಯಾಸವಿತ್ತು. ಪ್ರತಿ ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಡುತ್ತಿದ್ದಳು. ಮಕ್ಕಳು ಬೆಳೆಯುತ್ತಾರೆ, ಆಗ ಹೊಲಿಗೆ ಬಿಚ್ಚಿ ಸಡಿಲ ಮಾಡಿದರಾಯಿತು. ನೃತ್ಯ ಕಲಿಸುವ ಟೀಚರ್‌ಗೆ ಐವತ್ತೆಂಟು ತುಂಬಿದ್ದರೂ ಅವರ ಉಡುಪಿನಲ್ಲೂ ಬಿಡುತ್ತಿದ್ದಳು.

"ನಾನಿನ್ನೆಲ್ಲಿ ಬೆಳೀತೀನಿ ಮಾರಾಯ್ತಿ?" ಅಂತ ಟೀಚರ್ ಕೇಳಿದರೆ, "ಅಡ್ಡಡ್ಡ ಬೆಳೀತಿದ್ದೀರಲ್ಲ, ಸಾಲದಾ?" ಅನ್ನುವಷ್ಟು ಸಲಿಗೆ ಇಬ್ಬರಿಗೂ.

ಆ ದಿನ ಟೀಚರ್ ಹೊಸ ಉಡುಪಿನ ಅಳತೆಗೆ ಬಂದಾಗ ಈ ಸಲಿಗೆಯ ಮಾತೊಂದೂ ಬರಲಿಲ್ಲ. ಕೈ ಎತ್ತಿ ಅಂದರೆ ಎತ್ತಿದರು, ಇಳಿಸಿ ಅಂದರೆ ಇಳಿಸಿದರು.

"ಹೋದ ತಿಂಗಳು ಹಾಲ್‌ನಲ್ಲಿ ನನ್ನ ಕಾರ್ಯಕ್ರಮಕ್ಕೆ ಎಷ್ಟು ಜನ ಬಂದಿದ್ರು ಗೊತ್ತಾ?" ಅಂದರು ಕೊನೆಗೆ. "ಹನ್ನೊಂದು. ಅದರಲ್ಲಿ ಮೂರು ಜನ ಮೃದಂಗದವರ ಮನೆಯವರು. ಒಬ್ಬರು ಸೆಕೆ ಅಂತ ಫ್ಯಾನಿನ ಕೆಳಗೆ ಕೂರೋಕೆ ಬಂದವರು."

"ಹೆಂಗೆ ಗೊತ್ತು?"

"ಮಧ್ಯದಲ್ಲಿ ಕರೆಂಟ್ ಹೋಯ್ತು, ಅವರೂ ಹೋದರು."

ಟೇಪಕ್ಕನಿಗೆ ನಗು ಬಂತು, ಟೀಚರ್ ಮುಖ ನೋಡಿ ನುಂಗಿಕೊಂಡಳು.

"ಈ ಭಾನುವಾರವೂ ಹಾಗೇ ಆದರೆ ಗೆಜ್ಜೆ ಬಿಚ್ಚಿ ಬೀರುವಿನಲ್ಲಿಡ್ತೀನಿ ಕಣೇ. ಖಾಲಿ ಕುರ್ಚಿಗಳಿಗೆ ಇನ್ನೆಷ್ಟು ದಿನ ಅಭಿನಯ ಮಾಡಲಿ?"

ಟೀಚರ್ ಹೋದ ಮೇಲೆ ಟೇಪಕ್ಕನ ಕೈ ಮೆಷಿನ್ನಿನ ಮೇಲೆ ಓಡಲೇ ಇಲ್ಲ. ಅದೇ ಹಾಲ್ ಒಂದು ಕಾಲದಲ್ಲಿ ಹೇಗಿತ್ತು! ಕುರ್ಚಿ ಸಾಲದೆ ಜನ ಮನೆಯಿಂದ ಸ್ಟೂಲು ಹೊತ್ತು ತರುತ್ತಿದ್ದರು. ಕಿಟಕಿಯ ಸರಳಿಗೆ ಮುಖ ಒತ್ತಿಕೊಂಡು ನೋಡಿದವರ ಕೆನ್ನೆಯ ಮೇಲೆ ಗೀರು ಮೂಡಿರುತ್ತಿತ್ತು. ಮೇಕಪ್ ಕೋಣೆಯಲ್ಲಿ ಇಪ್ಪತ್ತು ಹುಡುಗಿಯರು ಕಾಡಿಗೆ ಹಚ್ಚಿಕೊಂಡು ಕಿಚಕಿಚ ಅನ್ನುವಾಗ, ಟೇಪಕ್ಕ ಬಾಯಲ್ಲಿ ನಾಲ್ಕು ಪಿನ್ನು ಕಚ್ಚಿಕೊಂಡೇ ಎಲ್ಲರನ್ನೂ ಗದರುತ್ತಿದ್ದಳು. ಆ ಗದ್ದಲ ಮತ್ತೆ ಬೇಕು ಅನ್ನಿಸಿತು ಅವಳಿಗೆ. ಆಗ ತಲೆನೋವು ಅಂತ ಬೈದುಕೊಂಡಿದ್ದೂ ಇದೇ ಗದ್ದಲವನ್ನು, ಮನುಷ್ಯರ ಬುದ್ಧಿ ನೋಡಿ.

ಸೊಸೆಗೆ ಹೇಳಿದರೆ ಅವಳು ಮೊಬೈಲ್ ಎತ್ತಿ ತೋರಿಸಿದಳು. "ಅತ್ತೆ, ಇದರಲ್ಲೇ ಎಲ್ಲ ಸಿಗುತ್ತೆ. ಮಲಗಿಕೊಂಡೇ ನೋಡಬಹುದು."

"ಮಲಗಿಕೊಂಡು ನೋಡೋಕೆ ಅದೇನು ಛಾವಣಿಯಾ?" ಅಂದು ಟೇಪಕ್ಕ ಅಟ್ಟದ ಮೇಲಿಂದ ಹಳೆಯ ಅಳತೆ ಪುಸ್ತಕಗಳನ್ನು ಇಳಿಸಿದಳು.

ಅವಳು ಹೊಲಿದುಕೊಟ್ಟ ಪ್ರತಿ ಹುಡುಗಿಯ ಅಳತೆಯೂ ಅದರಲ್ಲಿತ್ತು. ಹೆಸರು ಬರೆದವಳೇ ಅಲ್ಲ. ಉದ್ದಜಡೆ, ಎದೆ ಇಪ್ಪತ್ತಾರು. ಅಳುಮುಂಜಿ, ಸೊಂಟ ಇಪ್ಪತ್ತೆರಡು. ಡಾಕ್ಟರ ಎರಡನೇ ಮಗಳು, ಎಡ ಭುಜ ಅರ್ಧ ಇಂಚು ತಗ್ಗು. ಎಷ್ಟೋ ಜನ ಇಲ್ಲೇ ನಾಲ್ಕು ಬೀದಿ ಆಚೆಗಿದ್ದಾರೆ. ಮರುದಿನದಿಂದಲೇ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೊರಟಳು.

ಉದ್ದಜಡೆಗೆ ಈಗ ಜಡೆಯೇ ಇರಲಿಲ್ಲ, ಕತ್ತಿನವರೆಗೆ ಕತ್ತರಿಸಿದ್ದಳು. ಅಳತೆ ಓದಿ ಹೇಳಿದಾಗ ಬಾಗಿಲಲ್ಲೇ ನಿಂತು ನಕ್ಕು ನಕ್ಕು, ಕಡೆಗೆ ಕಣ್ಣೊರೆಸಿಕೊಂಡಳು. "ಇಪ್ಪತ್ತಾರಾ ಟೇಪಕ್ಕ? ನನ್ನ ಮಗಳಿಗೂ ಅದು ಹಿಡಿಯಲ್ಲ." ಅಳುಮುಂಜಿ ಶಾಲೆಗೆ ಹೆಡ್‌ಮಿಸ್ ಆಗಿದ್ದಳು, ಈಗ ಬೇರೆಯವರನ್ನು ಅಳಿಸುತ್ತಿದ್ದಳು. ಎಲ್ಲರಿಗೂ ಟೇಪಕ್ಕ ಹೇಳಿದ್ದು ಒಂದೇ ಮಾತು: "ಭಾನುವಾರ ಐದು ಗಂಟೆಗೆ ಬಾ. ನಿನ್ನ ಕಾಲಿಗೆ ಗೆಜ್ಜೆ ಕಟ್ಟಿದ ಟೀಚರ್ ಕುಣಿಯೋದನ್ನ ಎದುರಿಗೆ ಕೂತು ನೋಡು. ಮೊಬೈಲಿನಲ್ಲಿ ಕಾಣೋದು ಬರೀ ಗೊಂಬೆ ಕಣೇ."

ಒಂದು ಹಾಳೆ ಮಾತ್ರ ಅವಳು ನಾಲ್ಕು ದಿನ ತಿರುವಲಿಲ್ಲ. ಐದನೇ ದಿನ ತಿರುವಲೇಬೇಕಾಯಿತು. ಗುಬ್ಬಿ, ಎದೆ ಇಪ್ಪತ್ತನಾಲ್ಕು.

ಮಡಿಕೆಗಳು ಕೂರಲಿ ಅಂತ ಬೀಸಣಿಗೆಗೆ ಮೊದಲು ಬಿಳಿ ದಾರದಲ್ಲಿ ಕಚ್ಚಾ ಹೊಲಿಗೆ ಹಾಕುತ್ತಾರೆ, ಇಸ್ತ್ರಿಯಾದ ಮೇಲೆ ಆ ದಾರ ಎಳೆದುಬಿಡಬೇಕು. ಒಂಬತ್ತು ವರ್ಷದ ಗುಬ್ಬಿಯ ಮೊದಲ ಕಾರ್ಯಕ್ರಮದ ದಿನ, ಆ ಗಡಿಬಿಡಿಯಲ್ಲಿ, ಟೇಪಕ್ಕ ದಾರ ಎಳೆಯಲು ಮರೆತಳು. ರಂಗದ ಮೇಲೆ ಮಗು ಮಂಡಿ ಬಗ್ಗಿಸಿತು, ಬೀಸಣಿಗೆ ಬಿಚ್ಚಲಿಲ್ಲ, ಕಾಲು ಕಟ್ಟಿದಂತಾಗಿ ಮುಗ್ಗರಿಸಿ ಬಿತ್ತು. ತುಂಬಿದ ಹಾಲ್ ಗೊಳ್ಳೆಂದು ನಕ್ಕಿತು. ಆಮೇಲೆ ಗುಬ್ಬಿ ಕ್ಲಾಸಿಗೆ ಬರಲಿಲ್ಲ, ಟೇಪಕ್ಕ ಅವಳ ಬೀದಿಗೆ ಹೋಗಲಿಲ್ಲ. ಇಪ್ಪತ್ತೈದು ವರ್ಷ ಅದು ಮುಳ್ಳಿನ ಹಾಗೆ ಒಳಗೇ ಉಳಿದಿತ್ತು.

ಈಗ ಗುಬ್ಬಿಗೆ ಔಷಧಿ ಅಂಗಡಿ ಇತ್ತು. ಮಾತ್ರೆ ಎಣಿಸುತ್ತಿದ್ದವಳು ತಲೆಯೆತ್ತಿ, ಟೇಪು ನೋಡಿ ಗುರುತು ಹಿಡಿದಳು.

"ಆ ದಾರ ನಾನು ಎಳೀಲಿಲ್ಲ ಮಗಳೇ," ಅಂದಳು ಟೇಪಕ್ಕ, ಕುಶಲ ಕೇಳುವ ಮುಂಚೆಯೇ. "ತಪ್ಪು ನಂದು. ಅವತ್ತೇ ಹೇಳಬೇಕಿತ್ತು, ಬಾಯಿ ಬರಲಿಲ್ಲ."

ಗುಬ್ಬಿ ಎಣಿಸುತ್ತಿದ್ದ ಮಾತ್ರೆಗಳನ್ನು ಬದಿಗೆ ಸರಿಸಿದಳು. "ನಾನೇ ಹೆಜ್ಜೆ ತಪ್ಪಿದೆ ಅಂದುಕೊಂಡಿದ್ದೆ," ಅಂದಳು. "ಇಷ್ಟು ವರ್ಷ ಹಾಗೇ ಅಂದುಕೊಂಡಿದ್ದೆ."

ಗುಬ್ಬಿ ಸ್ಟೂಲು ತಂದು ಟೇಪಕ್ಕನನ್ನು ಕೂರಿಸಿ ನೀರು ಕೊಟ್ಟಳು. ಭಾನುವಾರದ ವಿಷಯ ಕೇಳಿಕೊಂಡಳು. ಆಮೇಲೆ ಸುಮ್ಮನೆ ಒಂದು ಪ್ರಶ್ನೆ ಕೇಳಿದಳು: "ಎದುರಿಂದ ನೋಡಿದರೆ ಟೀಚರ್ ಹೇಗೆ ಕಾಣ್ತಾರೆ ಟೇಪಕ್ಕ? ನಾವೆಲ್ಲ ಆಗ ಒಳಗಡೆಯೇ ಇರ್ತಿದ್ವಲ್ಲ."

ಊರಿಗೆಲ್ಲ ಎದುರಿಗೆ ಕೂತು ನೋಡಿ ಅಂತ ಸಾರಿಕೊಂಡು ಬಂದ ಟೇಪಕ್ಕ ತಾನೇ ಒಂದು ದಿನವೂ ಎದುರಿಗೆ ಕೂತಿರಲಿಲ್ಲ. ಮೂವತ್ತೆರಡು ವರ್ಷವೂ ಪಕ್ಕದ ಪರದೆಯ ಮರೆಯಲ್ಲಿ, ಸೂಜಿ ದಾರದ ಡಬ್ಬಿ ಹಿಡಿದು ನಿಂತವಳು. ಅವಳು ಕಂಡದ್ದು ಟೀಚರ್ ಅವರ ಒಂದು ಕಿವಿ, ಒಂದು ಕೆನ್ನೆ, ಬೆನ್ನ ಮೇಲಿನ ಬೆವರು.

"ನಂಗೊತ್ತಿಲ್ಲ ಕಣೇ," ಅಂದಳು. ನಾಚಿಕೆಯಾಯಿತು.

ಭಾನುವಾರ ನಾಲ್ಕೂವರೆಗೇ ಜನ ಬರತೊಡಗಿದರು. ಉದ್ದಜಡೆ ಮಗಳನ್ನು ಕರೆತಂದಳು, ಅಳುಮುಂಜಿ ಅರ್ಧ ಸ್ಟಾಫ್ ರೂಮನ್ನೇ ಕರೆತಂದಳು. ಸೊಸೆಯೂ ಬಂದು ಮೊಬೈಲನ್ನು ಚೀಲಕ್ಕೆ ತುರುಕಿದಳು. ಹಾಲ್ ಪೂರ್ತಿ ತುಂಬಲಿಲ್ಲ, ಹಿಂದಿನ ಎರಡು ಸಾಲು ಖಾಲಿ ಉಳಿಯಿತು. ಆದರೂ ಆ ಹಳೇ ಗುಜುಗುಜು ಮತ್ತೆ ಕೇಳಿಸಿತು.

ಮೊದಲ ಗಂಟೆ ಬಾರಿಸಿದಾಗ ಪರದೆಯ ಮರೆಗೆ ಗುಬ್ಬಿ ಬಂದಳು. ಟೇಪಕ್ಕನ ಕೈಯಿಂದ ಡಬ್ಬಿ ತೆಗೆದುಕೊಂಡಳು.

"ಪಿನ್ನು ಎಲ್ಲಿ ಚುಚ್ಚಬೇಕು ಅಂತ ನನಗಿನ್ನೂ ನೆನಪಿದೆ. ನೀವು ಮುಂದೆ ಹೋಗಿ ಕೂತ್ಕೊಳ್ಳಿ. ಎರಡನೇ ಸಾಲಲ್ಲಿ ಕರ್ಚೀಫ್ ಹಾಕಿದ್ದೀನಿ."

"ದಾರ..."

"ಎಲ್ಲ ಎಳೆದಿದ್ದೀರಿ. ಮೇಕಪ್ ಕೋಣೆಯಲ್ಲೇ ಎರಡು ಸಲ ನೋಡಿದೆ."

ಟೇಪಕ್ಕ ಕೊರಳ ಟೇಪನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಪರದೆ ಸರಿಯಿತು. ಟೀಚರ್ ಮಂಡಿ ಬಗ್ಗಿಸಿದರು, ಬೀಸಣಿಗೆ ಬಿಚ್ಚಿಕೊಂಡಿತು. ಸಾವಿರ ಸಲ ಮಡಿಸಿದ್ದ ಅದು ಪೂರ್ತಿಯಾಗಿ ಬಿಚ್ಚಿದ್ದನ್ನು ಅವಳು ನೋಡಿದ್ದು ಅವತ್ತೇ. ಟೀಚರ್ ಹೆಜ್ಜೆ ಹಾಕಿದಾಗ ಆ ಸದ್ದು ನೆಲದಿಂದ ಕುರ್ಚಿಯ ಕಾಲಿಗೆ, ಅಲ್ಲಿಂದ ಅವಳ ಬೆನ್ನಿಗೆ ಹತ್ತಿತು. ಆಮೇಲೆ ತಾಯಿಯೊಬ್ಬಳು ಆಟಕ್ಕೆ ಹೋದ ಮಗುವನ್ನು ಕರೆಯುವ ಅಭಿನಯ ಬಂತು. ಟೀಚರ್ ಎರಡೂ ಕಣ್ಣಲ್ಲಿ ನೇರ ನೋಡಿ, ಬಾ ಅಂತ ಕೈ ಚಾಚಿದರು. ಸಾಲಿನಲ್ಲಿದ್ದ ಹೆಂಗಸರೆಲ್ಲ ತಮ್ಮನ್ನೇ ಕರೆದ ಹಾಗೆ ಮುಂದಕ್ಕೆ ಬಾಗಿದರು. ಟೇಪಕ್ಕನೂ ಬಾಗಿದಳು. ಪರದೆಯ ಮರೆಯಲ್ಲಿ ನಿಂತವರನ್ನು ಈ ಕೈ ಯಾವತ್ತೂ ಕರೆದಿರಲಿಲ್ಲ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಮುಗಿದ ಮೇಲೆ ಮೇಕಪ್ ಕೋಣೆಯಲ್ಲಿ ಟೀಚರ್ ಗೆಜ್ಜೆ ಬಿಚ್ಚುತ್ತಿದ್ದರು. ಮುಖದಲ್ಲಿ ನೆಮ್ಮದಿಯಿತ್ತು.

"ಜನ ಬಂದರು ಕಣೇ. ನಿನ್ನ ದಾಕ್ಷಿಣ್ಯಕ್ಕೆ ಬಂದರು, ಆದರೂ ಬಂದರಲ್ಲ. ಇನ್ನು ಸಂತೋಷವಾಗಿ ನಿಲ್ಲಿಸಬಹುದು. ಎಡ ಮಂಡಿಯೂ ಮಾತು ಕೇಳ್ತಿಲ್ಲ."

ಟೇಪಕ್ಕನಿಗೆ ರೇಗಿತು. ಇದಕ್ಕಾ ತಾನು ಮನೆ ಮನೆ ತಿರುಗಿದ್ದು?

"ನಾನು ನೋಡಿದೆ," ಅಂದಳು. "ಎಡಗಡೆ ಪೂರ್ತಿ ಬಗ್ಗಲ್ಲ, ಬೀಸಣಿಗೆ ಆ ಕಡೆ ಎಳೆಯುತ್ತೆ. ಪಕ್ಕದಲ್ಲಿ ನಿಂತು ನನಗೆ ಇಷ್ಟು ದಿನ ಗೊತ್ತಾಗಿರಲಿಲ್ಲ. ಉಡುಪು ಬಿಚ್ಚಿ ಕೊಡಿ."

"ಯಾಕೆ?"

"ಮುಂದಿನ ತಿಂಗಳಿಗೆ ಸರಿಮಾಡಬೇಕು. ನನಗೆ ಅದೇ ಎರಡನೇ ಸಾಲು ಬೇಕು, ಸೊಸೆಯೂ ಬರ್ತೀನಿ ಅಂದಿದ್ದಾಳೆ. ಮೂವತ್ತೆರಡು ವರ್ಷದಲ್ಲಿ ನಾನು ನೋಡಿರೋದು ಒಂದೇ ಸಲ ಟೀಚರ್."

ಟೀಚರ್ ಅವಳ ಊದಿದ ಕಣ್ಣು ನೋಡಿದರು. ಬಾಗಿಲ ಹತ್ತಿರ ಡಬ್ಬಿ ಹಿಡಿದು ನಿಂತ ಗುಬ್ಬಿಯನ್ನು ನೋಡಿದರು. ನಿಧಾನವಾಗಿ ಸೊಂಟದ ಪಟ್ಟಿಯ ಹುಕ್ಕಿಗೆ ಕೈ ಹಾಕಿದರು.

"ಮಂಡಿ ಇನ್ನೂ ಹಟ ಮಾಡಿದರೆ?"

ಟೇಪಕ್ಕ ಬೀಸಣಿಗೆಯ ಅಂಚು ಮಡಚಿ, ಒಳಗಿನ ಹೊಲಿಗೆ ತೋರಿಸಿದಳು.

"ಬಟ್ಟೆ ಬಿಟ್ಟಿದ್ದೀನಿ," ಅಂದಳು. "ಇನ್ನೂ ಎರಡು ಬೆರಳು ಇದೆ."