ಎರಡನೆಯ ತರಗತಿಯ ಅಕ್ಕ

ಮುಚ್ಚಿಯೇ ಹೋಗಬೇಕಾಗಿದ್ದ ಶಾಲೆ ಒಂದೇ ವರ್ಷದಲ್ಲಿ ತಲೆಯೆತ್ತಿ ನಿಂತಿತ್ತು. ಎರಡನೆಯ ತರಗತಿಗೆ ಶಿಕ್ಷಕರೇ ಇಲ್ಲದಿದ್ದಾಗ ಮುಖ್ಯೋಪಾಧ್ಯಾಯರು ಐದನೆಯ ತರಗತಿಯ ಜಾಣೆಯೊಬ್ಬಳನ್ನು ಅಲ್ಲಿ ಪಾಠಕ್ಕೆ ನಿಲ್ಲಿಸಿದ್ದರು. ಚಿಕ್ಕ ಮಕ್ಕಳು ಅವಳನ್ನು ಅಕ್ಕ ಎಂದು ಕರೆದು, ಅವಳಿಂದಲೇ ಓದು ಕಲಿತಿದ್ದರು. ಅದನ್ನು ನೋಡಲು ಮರುದಿನ ಇನ್‌ಸ್ಪೆಕ್ಟರು ಬರುವವರಿದ್ದರು. ಅವರು ಮೆಚ್ಚಿದರೆ ಶಾಲೆ ಉಳಿಯುತ್ತಿತ್ತು.

ಆ ಮಧ್ಯಾಹ್ನ ಹುಡುಗಿಯ ಅಜ್ಜಿ ಬಂದು ಮುಖ್ಯೋಪಾಧ್ಯಾಯರ ಎದುರಿಗೆ ಕುಳಿತಳು.

“ಮೇಷ್ಟ್ರೇ, ನಮ್ಮನೆ ಟೀಚರಮ್ಮಂಗೆ ಸಂಬಳ ಯಾವಾಗ್ಲಿಂದ?”

ಮುಖ್ಯೋಪಾಧ್ಯಾಯರು ನಕ್ಕರು. “ಅವಳು ನಮ್ಮ ಶಾಲೆಯ ಕಣ್ಣು, ಅಜ್ಜಿ.”

“ಆ ಕಣ್ಣಿಗೆ ಲೆಕ್ಕ ಕಾಣಲ್ಲ ಸ್ವಾಮಿ. ಅರ್ಧಕ್ಕೆ ಕಾಲು ಸೇರಿಸಿದ್ರೆ ಎಷ್ಟೇ ಅಂದ್ರೆ ಪಿಳಿಪಿಳಿ ಕಣ್ಣು ಬಿಡ್ತಾಳೆ. ನಿದ್ದೇಲಿ ಮಾತ್ರ ‘ಏಯ್, ಗಲಾಟೆ ಮಾಡಬೇಡ್ರೋ’ ಅಂತ ಗದರ್ತಾಳೆ!”

ಮುಖ್ಯೋಪಾಧ್ಯಾಯರಿಗೆ ಆಗ ಅರಿವಾಯಿತು: ಕಲಿಯಲು ಬಂದ ಕೂಸಿನ ಕೈಯಿಂದ ವಿದ್ಯಾದಾನ ಮಾಡಿಸಿ, ಅದರ ಪುಣ್ಯವನ್ನು ತಾವು ಕಟ್ಟಿಕೊಂಡಿದ್ದರು. ಅವಳು ಕಳೆದುಕೊಂಡ ವರ್ಷವನ್ನು ಯಾವ ದೇವರಲ್ಲಿ ಬೇಡಿದರೂ ಹಿಂದಕ್ಕೆ ತರಲಾಗದು.

“ಇವತ್ತಿಂದಲೇ ಅವಳು ಅವಳ ಕ್ಲಾಸಲ್ಲಿ ಕೂರ್ತಾಳೆ.”

“ನಾಳೆ ಸಾಹೇಬ್ರು ಬರ್ತಾರಂತಲ್ಲ?”

“ಬರಲಿ.”

ಹುಡುಗಿಯನ್ನು ಐದನೆಯ ತರಗತಿಗೆ ಕಳಿಸಿ, ತಾವೇ ಚಿಕ್ಕ ಮಕ್ಕಳ ಮುಂದೆ ನಿಂತರು. ಮಕ್ಕಳು ಓದಲೊಲ್ಲದೆ “ಅಕ್ಕ ಬೇಕು” ಎಂದು ರಚ್ಚೆ ಹಿಡಿದರು. ಅಷ್ಟರಲ್ಲಿ ಗೋಡೆಯಾಚೆಯ ಐದನೆಯ ತರಗತಿಯಿಂದ ಶಿಕ್ಷಕಿಯ ದನಿ ಕೇಳಿಸಿತು: “ಏನಮ್ಮಾ, ಇಷ್ಟೂ ಬರಲ್ವಾ?” ಇಡೀ ತರಗತಿ ಗೊಳ್ಳೆಂದಿತು.

ಮುಖ್ಯೋಪಾಧ್ಯಾಯರು ಧಾವಿಸಿ ಹೋಗಿ ಬಾಗಿಲಲ್ಲಿ ನಿಂತರು.

“ನಗಬೇಡಿ. ಅವಳಿಗೆ ಬರದ ಹಾಗೆ ಮಾಡಿದವನು ನಾನು.”

ನಗು ನಿಂತಿತು. ಹುಡುಗಿ ಮಾತ್ರ ತಲೆಯೆತ್ತಲಿಲ್ಲ.