ಗುರುವಾರದ ಮಾಲೆ

ಫಕೀರಪ್ಪನ ಕೊರಳಿನ ಮಫ್ಲರ್ ಬಿಚ್ಚುತ್ತಿದ್ದ ಅಂಬಣ್ಣನ ಕೈ ಅಲ್ಲಿಗೇ ನಿಂತಿತು.

"ಯಮನವ್ವಾ, ಒಂಚೂರು ಇಲ್ಲಿ ಬಾ. ಇವನ ಕೊರಳಾಗ ಮಾಲಿ ಕಾಣವಲ್ದು."

ಪುಣೆಯ ಖರಾಡಿಯಲ್ಲಿ, ತಗಡಿನ ಚಾಳಿನ ಅಂಗಳದಲ್ಲಿ ಅವನನ್ನು ಹಲಗೆಯ ಮೇಲೆ ಮಲಗಿಸಿದ್ದರು. ಪಕ್ಕದ ಬಕೆಟ್ಟಿನಲ್ಲಿ ಕೊನೆಯ ಸ್ನಾನದ ನೀರು ಹಬೆಯಾಡುತ್ತಿತ್ತು. ಬೆಳಿಗ್ಗೆ ಯಮನವ್ವ ಚಹಾದ ಲೋಟ ಹಿಡಿದು ಗಂಡನನ್ನು ಎಬ್ಬಿಸಲು ಹೋದಾಗ ಮೈ ತಣ್ಣಗಾಗಿತ್ತು. ನಿದ್ದೆಯಲ್ಲೇ ಎದೆ ನಿಂತಿದೆ ಎಂದು ಡಾಕ್ಟರು ಹೇಳಿ ಹೋಗಿದ್ದರು. ಹಿಂದಿನ ದಿನ ಡ್ಯೂಟಿಯಿಂದ ಬಂದವನು ಮಫ್ಲರ್ ಸುತ್ತಿಕೊಂಡೇ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಚಳಿ ಎಂದುಕೊಂಡು ಅವಳು ಕೇಳಿರಲಿಲ್ಲ.

ಅವಳು ಬಗ್ಗಿ ನೋಡಿದಳು. ಹನ್ನೊಂದು ವರ್ಷ ತುಳಸಿಮಣಿ ಕೂತಿದ್ದ ಕಡೆ ಚರ್ಮ ತಿಳಿಯಾಗಿ ಒಂದು ಗೆರೆ ಬಿದ್ದಿತ್ತು. ಗೆರೆ ಇತ್ತು, ಮಾಲೆ ಇರಲಿಲ್ಲ.

ಗಂಡ ಹೆಂಡತಿ ಇಬ್ಬರೂ ಮಾಳಕರಿಗಳು. ಪಂಢರಪುರದ ವಿಠಲನ ಹೆಸರಿನಲ್ಲಿ ಮಾಲೆ ಧರಿಸಿದ ಮೇಲೆ ಕೋಳಿ, ಕುರಿ, ಮೀನು ಯಾವುದನ್ನೂ ಮುಟ್ಟುವಂತಿಲ್ಲ. ಮಣ್ಣಿಗೆ ಹೋಗುವಾಗಲೂ ಅದು ಕೊರಳಲ್ಲೇ ಇರಬೇಕು.

"ಹಾಸಿಗ್ಯಾಗ ನೋಡ್ರಿ, ಹರಿದು ಬಿದ್ದಿರ್ತದ," ಎಂದಳು ಪಕ್ಕದ ಮನೆಯ ಬೋರಮ್ಮ.

ಕೌದಿ ಝಾಡಿಸಿದರು. ಟ್ರಂಕು ಸರಿಸಿದರು. ಬಚ್ಚಲಿನ ಕಿಂಡಿಗೆ ಕೈ ಹಾಕಿ ನೋಡಿದರು. ಒಂದು ಮಣಿಯೂ ಸಿಗಲಿಲ್ಲ.

"ಮಣ್ಣಿಗಿ ಒಯ್ಯೋ ಗಾಡಿ ನಾಕಕ್ಕ ಬರ್ತದ," ಎಂದ ಅಂಬಣ್ಣ. ಅವನು ಫಕೀರಪ್ಪನ ದೊಡ್ಡಪ್ಪನ ಮಗ. ಯಾದಗಿರಿ ಕಡೆಯಿಂದ ಇಬ್ಬರೂ ಒಂದೇ ಲಾರಿಯಲ್ಲಿ ಪುಣೆಗೆ ಬಂದು ಒಂದೇ ಕಟ್ಟಡಕ್ಕೆ ಇಟ್ಟಿಗೆ ಹೊತ್ತವರು. "ಹಡಪಸರದಾಗ ಹೊಸಾ ಮಾಲಿ ಸಿಗ್ತಾವ. ಮೋಟಾರ್ ಸೈಕಲ್ ಮ್ಯಾಲ ಹೋಗಿ ತಂದಬಿಡ್ತೀನಿ."

"ಬ್ಯಾಡ. ಆ ಮಾಲಿನೇ ಬೇಕು."

"ಸತ್ತಾಂವಗ ಹಳೇದೇನವ್ವಾ, ಹೊಸಾದೇನ?"

"ಆ ಮಾಲಿ ಹಿಡದು ನಾ ದೇವರಿಗಿ ಮಾತ ಕೊಟ್ಟೀನಿ. ಅವತ್ತ ತಂದುಕೊಟ್ಟಾಂವ ನೀನೇ. ಮರತಿಯೇನು?"

ಅಂಬಣ್ಣ ಕೌದಿಯನ್ನು ಮತ್ತೊಮ್ಮೆ ಝಾಡಿಸಿದ.

*

ಹನ್ನೊಂದು ವರ್ಷದ ಹಿಂದೆ ಫಕೀರಪ್ಪ ಮೂರನೆಯ ಮಹಡಿಯ ಬಿದಿರಿನ ಅಟ್ಟಣಿಗೆಯಿಂದ ಬಿದ್ದಿದ್ದ. ಆರು ದಿನ ಕಣ್ಣು ತೆರೆಯಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಯಮನವ್ವನಿಗೆ ದೇವರ ಹೊರತು ಮಾತಾಡಿಸಲು ಯಾರೂ ಇರಲಿಲ್ಲ. ಮಕ್ಕಳಿಲ್ಲದ ಸಂಸಾರ. ಇವನನ್ನು ಎಬ್ಬಿಸು ತಂದೆ, ಇಬ್ಬರೂ ನಿನ್ನ ಮಾಲೆ ಧರಿಸುತ್ತೇವೆ ಎಂದು ಅವಳು ಬೇಡಿಕೊಂಡಳು. ಅಂಬಣ್ಣನ ಕೈಯಿಂದ ಎರಡು ಮಾಲೆ ತರಿಸಿ ಸೆರಗಿನಲ್ಲಿ ಕಟ್ಟಿಕೊಂಡಳು.

ಏಳನೆಯ ದಿನ ಅವನು ಕಣ್ಣು ತೆರೆದ. ಹೆಂಡತಿಯನ್ನು ಗುರುತು ಹಿಡಿದ. ಒಣಗಿದ ತುಟಿಯಿಂದ ಮೊದಲು ಬಂದ ಮಾತು ಇದು: "ಎಲುಬಿನ ಸಾರ ಮಾಡೀಯೇನು?"

ಅದು ಅವರ ಮೊದಲ ವರ್ಷಗಳ ಅಡುಗೆ. ಕೋಳಿ ಅಂಗಡಿಯವನು ಬಿಸಾಕುವ ಎಲುಬು ತಂದು, ಮೂರು ಕಲ್ಲಿನ ಒಲೆಯ ಮೇಲೆ ತಗಡಿನ ಡಬ್ಬಿಯಿಟ್ಟು, ಕೆಲಸಕ್ಕೆ ಹೋಗುವಾಗ ದಪ್ಪ ಕೊರಡೊಂದನ್ನು ತುರುಕಿ ಹೋಗುತ್ತಿದ್ದಳು. ಸಂಜೆ ಬರುವ ಹೊತ್ತಿಗೆ ಎಲುಬು ಬೆರಳಿಗೆ ಪುಡಿಯಾಗುತ್ತಿತ್ತು, ಸಾರು ಹಾಲಿನ ಹಾಗಾಗುತ್ತಿತ್ತು. ಒಂದೇ ತಾಟಿನಲ್ಲಿ ಇಬ್ಬರೂ ರೊಟ್ಟಿ ಮುರಿದು ಅದ್ದಿ ತಿನ್ನುತ್ತಿದ್ದರು.

ಯಮನವ್ವ ಅಳುತ್ತ ನಗುತ್ತ ಸೆರಗಿನ ಗಂಟು ಬಿಚ್ಚಿ, ಹರಕೆಯ ಮಾತು ಹೇಳಿ ಅವನ ಕೊರಳಿಗೆ ಮಾಲೆ ಹಾಕಿದಳು. ಅವನು ಮಣಿಗಳನ್ನು ಮುಟ್ಟಿ ನೋಡಿಕೊಂಡ.

"ಹರಕಿ ನಿಂದು, ಕೊರಳ ನಂದು," ಎಂದು ಸಣ್ಣಗೆ ನಕ್ಕ.

ಆಮೇಲೆ ಆ ಸಾರಿನ ಹೆಸರನ್ನು ಅವನು ಮನೆಯಲ್ಲಿ ಎತ್ತಲಿಲ್ಲ. ಹಾಕಿದ್ದನ್ನು ಉಂಡ. ಚೆನ್ನಾಗಿದೆ ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಕಾಲು ಕುಂಟಾಗಿದ್ದರಿಂದ ಇಟ್ಟಿಗೆ ಹೊರುವುದು ಬಿಟ್ಟು ವಾಚ್‌ಮನ್ ಆದ.

*

ಮೂರು ಗಂಟೆಗೆ ಚಾಳಿನ ಬಾಗಿಲಲ್ಲಿ ಕಪ್ಪು ಏಪ್ರನ್ ತೊಟ್ಟ ಹುಡುಗಿಯೊಬ್ಬಳು ಬಂದು ನಿಂತಳು. ಒಂದು ಕೈಯಲ್ಲಿ ಸ್ಟೀಲಿನ ಡಬ್ಬಿ, ಇನ್ನೊಂದರಲ್ಲಿ ಕಾಗದದ ಪೊಟ್ಟಣ.

"ಫಕೀರಪ್ಪ ಕಾಕಾರ ಮನಿ ಇದೇ ಏನ್ರಿ? ನಾ ಶಿವಾನಿ. ಅವರು ಕೆಲಸ ಮಾಡೋ ಬಿಲ್ಡಿಂಗಿನ ರಾಮೆನ್ ಅಂಗಡ್ಯಾಗ ಇರ್ತೀನ್ರಿ. ಗೇಟಿನವರು ಈಗ ಹೇಳಿದ್ರು."

"ಕನ್ನಡದಾಕಿ ಇದ್ದಿ?" ಎಂದಳು ಬೋರಮ್ಮ.

"ಅಕ್ಕಲಕೋಟ್ರಿ. ಮನ್ಯಾಗ ಕನ್ನಡನೇ. ಕಾಕಾ ನನ್ನ ಕೂಡ ಅಷ್ಟ ಮಾತಾಡ್ತಿದ್ರು, ಬಾಕಿ ಎಲ್ಲಾರ ಕೂಡ ಮರಾಠಿ."

ಪೊಟ್ಟಣ ಬಿಚ್ಚಿದಳು. ತುಳಸಿಮಾಲೆ. ಯಮನವ್ವ ಎರಡೂ ಕೈ ಒಡ್ಡಿದಳು.

"ನಿನ್ನಿ ಬಿಟ್ಟು ಹೋಗಿದ್ರು ಕಾಕೂ. ಸಂಜಿಗಿ ಕೊಡಬೇಕಂತ ಇಟ್ಟೆ, ಶಿಫ್ಟ್ ಮುಗಿದ ಗಡಿಬಿಡ್ಯಾಗ ಮರತಬಿಟ್ಟೆ. ಡ್ಯೂಟಿ ಮುಗಿಸಿ ಅವರು ಬಂದಾಗ ಅಂಗಡಿ ಬಂದ್ ಆಗಿತ್ತಂತ. ಶಟರ್ ಮುಂದ ಭಾಳ ಹೊತ್ತು ನಿಂತಿದ್ರಂತ. ನಂದ ತಪ್ಪು."

"ಮಾಲಿ ಯಾಕ ಬಿಚ್ಚಿದ್ದ?" ಅಂಬಣ್ಣ ಮುಂದೆ ಬಂದ. "ಡಬ್ಬ್ಯಾಗ ಏನದ?"

ಶಿವಾನಿ ಯಮನವ್ವನ ಕೊರಳನ್ನೂ ಅಲ್ಲಿದ್ದ ಮಾಲೆಯನ್ನೂ ನೋಡಿದಳು. ಈ ಮನೆಗೆ ಅದನ್ನು ತರಬಾರದಿತ್ತೆಂದು ಅವಳಿಗೆ ಅರ್ಥವಾಯಿತು. ಆದರೆ ಡಬ್ಬಿ ಬಿಸಿಯಾಗಿ ಕೈಯಲ್ಲೇ ಇತ್ತು.

*

ಆ ಅಂಗಡಿಯ ಮುಂದೆ ಹನ್ನೆರಡಕ್ಕೆ ಮೊದಲೇ ಸಾಲು ನಿಲ್ಲುತ್ತಿತ್ತು. ಒಳಗೆ ಗೋಡೆಗೆ ಮುಖ ಮಾಡಿ ಹತ್ತೇ ಸ್ಟೂಲು. ಕೋಳಿಯ ಎಲುಬನ್ನು ದಿನಗಟ್ಟಲೆ ಕುದಿಸಿ, ಹಾಲಿನಂತೆ ಗಟ್ಟಿಯಾದ ಸಾರಿನಲ್ಲಿ ಶಾವಿಗೆಯಂಥದ್ದನ್ನು ಹಾಕಿ ಕೊಡುವ ಜಪಾನಿನ ಊಟ, ರಾಮೆನ್. ಅದಕ್ಕೆ ಐಟಿಯವರು ಬಿಸಿಲಲ್ಲೂ ಕಾಯುತ್ತಿದ್ದರು.

ಗುರುವಾರ ಯಮನವ್ವ ದೇಹೂ ರೋಡಿನಲ್ಲಿ ಬಸ್ಸು ಬದಲಿಸಿ ದೇಹೂವಿನ ವಿಠಲನ ಗುಡಿಗೆ ಹೋಗುವ ದಿನ. ಫಕೀರಪ್ಪನ ಡ್ಯೂಟಿ ಎರಡು ಗಂಟೆಗಿದ್ದರೂ ಹನ್ನೆರಡಕ್ಕೇ ಹೋಗಿ ಸಾಲು ನೇರ ಮಾಡುತ್ತಿದ್ದ. ನುಸುಳುವವರಿಗೆ, "ಓ ಸಾಹೇಬ, ಜಪಾನ್ ಹಿಂದಿನಿಂದ ಸುರು ಆಗ್ತದ," ಎಂದು ಮರಾಠಿಯಲ್ಲಿ ಹೇಳಿ ನಗಿಸುತ್ತಿದ್ದ. ಅದಕ್ಕೆ ಅಂಗಡಿಯವರು ಅವನಿಗೊಂದು ಬಟ್ಟಲು ಇಡುತ್ತಿದ್ದರು. ಶಾವಿಗೆ ಬೇಡ, ಸಾರು ಸಾಕು ಎನ್ನುತ್ತಿದ್ದ.

ಜನ ಕರಗಿದ ಮೇಲೆ ಕೊನೆಯ ಸ್ಟೂಲಿನಲ್ಲಿ ಕೂರುತ್ತಿದ್ದ. ಮಾಲೆ ತೆಗೆದು ಕಣ್ಣಿಗೆ ಒತ್ತಿಕೊಂಡು ಅಂಗಿಯ ಜೇಬಿನಲ್ಲಿ ಇಡುತ್ತಿದ್ದ. ಉಂಡಾದ ಮೇಲೆ ಹೊರಗಿನ ನಳದಲ್ಲಿ ಬಾಯಿ ಮುಕ್ಕಳಿಸಿ, ಮುಖ ತೊಳೆದು, ಮತ್ತೆ ಧರಿಸುತ್ತಿದ್ದ. ಆದರೆ ಈ ಗುರುವಾರ ಕಂಪನಿಯವರು ಹೊಸ ಸಮವಸ್ತ್ರ ಕೊಟ್ಟಿದ್ದರು. ಟೀ ಶರ್ಟು. ಅದಕ್ಕೆ ಜೇಬಿರಲಿಲ್ಲ. ಮಾಲೆಯನ್ನು ಬ್ಯಾಗು ತೂಗುಹಾಕುವ ಕೊಕ್ಕೆಗೆ ಹಾಕಿದ. ಅಷ್ಟರಲ್ಲಿ ಗೇಟಿನಿಂದ ಕೂಗು ಬಂತು; ಬಟ್ಟಲನ್ನೂ ಮಾಲೆಯನ್ನೂ ಹಾಗೇ ಬಿಟ್ಟು ಹೋದ.

*

"ಕೋಳಿ ನೀರು!" ಮಾಲೆ ಜೇಬಿಗಿಟ್ಟು ಸಾರು ಉಣ್ಣುತ್ತಿದ್ದುದನ್ನು ಶಿವಾನಿ ಹೇಳುತ್ತಲೇ ಅಂಬಣ್ಣ ತಲೆ ಬಡಿದುಕೊಂಡ. "ಮಾಳಕರಿ ಸತ್ತ ಮನಿಗಿ ಕೋಳಿ ನೀರು ತಂದೀದಿ ತಂಗಿ!"

"ಮಾಲಿ ಬಿಚ್ಚಿದ ದಿನಾನೇ ದೇವರು ಒಯ್ದ ನೋಡು," ಎಂದು ಬೋರಮ್ಮ ಗುನುಗಿದಳು.

ಯಮನವ್ವ ಮಾಲೆಯ ಮಣಿಗಳನ್ನು ಒಂದೊಂದಾಗಿ ಸರಿಸುತ್ತಿದ್ದಳು. "ಎಷ್ಟ ದಿನದಿಂದ ಬರ್ತಿದ್ದ?"

"ಅಂಗಡಿ ತೆಗೆದಾಗಿಂದ್ರಿ. ಮೂರು ವರ್ಷ."

"ಹಂಗಾರ ಮೂರು ವರ್ಷ ವಿಠಲ ನೋಡಿ ಸುಮ್ಮನಿದ್ದಾನ, ಬೋರಮ್ಮ." ಹುಡುಗಿಯ ಕಡೆ ತಿರುಗಿದಳು. "ಒಬ್ಬಾಂವನೇ ಉಣ್ತಿದ್ದನೇನು?"

"ಹೌದ್ರಿ. ಬಾಜೂಕ ಯಾರರ ಕೂತ್ರ ಎದ್ದ ಹೋಗೋ ತನಕಾ ಕಾಯ್ತಿದ್ರು. ನಮ್ಮನಿಯಾಕಿ ಮೂರು ಕಲ್ಲಿನ ಮ್ಯಾಲ ಹಿಂಗೇ ಕುದಸ್ತಿದ್ಳು ಅಂತಿದ್ರು. ಒಂದ್ಸಲ ಈ ಡಬ್ಬ್ಯಾಗ ಕಟ್ಟಿಸ್ಕೊಂಡ್ರು. ರಸ್ತಾ ದಾಟಿದ್ರು. ಮತ್ತ ತಿರುಗಿ ಬಂದು, ಬ್ಯಾಡವ್ವಾ, ಆಕಿ ದೇವರ ಕೂಡ ಅದಾಳ ಅಂತ ಕೊಟ್ಟಬಿಟ್ರು."

ಯಮನವ್ವ ಡಬ್ಬಿ ಇಸಿದುಕೊಂಡಳು. ಟವೆಲಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಗಾಡಿ ಹತ್ತಿದಳು. ಯಾರೂ ತಡೆಯಲಿಲ್ಲ.

ಕುಣಿಗೆ ಇಳಿಸಿದಾಗ ಫಕೀರಪ್ಪನ ಮೈಮೇಲೆ ಹೊಸ ಬಿಳಿ ಅಂಗಿ ಇತ್ತು. ಅಂಚಿನಲ್ಲಿ ಮೊಣಕಾಲೂರಿದ ಯಮನವ್ವನಿಗೆ ಅಂಬಣ್ಣ ಹೇಳಿದ, "ಕೊರಳಿಗಿ ಹಾಕವ್ವಾ. ಹೊತ್ತಾತು."

ಅವಳು ಮಾಲೆಯನ್ನು ಕಣ್ಣಿಗೆ ಒತ್ತಿಕೊಂಡಳು. ಕೈಯಿಳಿಸಿ ಕೊರಳಿನ ತನಕ ಒಯ್ದಳು. ಅಲ್ಲಿಂದ ಸರಿಸಿ, ಮಡಚಿ, ಅಂಗಿಯ ಜೇಬಿನಲ್ಲಿಟ್ಟಳು. ಡಬ್ಬಿಯ ಮುಚ್ಚಳ ತೆಗೆದು ಅವನ ಬಲಗೈಯ ಹತ್ತಿರ ಇರಿಸಿದಳು. ಚಳಿಗೆ ಹಬೆ ಬೆಳ್ಳಗೆ ಮೇಲೆದ್ದಿತು.

ಅಂಬಣ್ಣ ಮೊದಲ ಹಿಡಿ ಮಣ್ಣು ಎತ್ತಿದ.

"ತಡಿ," ಎಂದಳು. "ಬಿಸಿ ಅದ ಇನ್ನಾ."

ಬಂದವರೆಲ್ಲ ಮುಷ್ಟಿಯಲ್ಲಿ ಮಣ್ಣು ಹಿಡಿದು ಸಾಲಾಗಿ ನಿಂತರು. ಹಬೆ ತೆಳುವಾಗುತ್ತ ಬಂತು. ಪೂರ್ತಿ ನಿಲ್ಲುವವರೆಗೆ ಯಾರೂ ಕೈ ಸಡಿಲಿಸಲಿಲ್ಲ.